ಕೊಂಬಿಗೆ ಬಳಿದ ಬಣ್ಣ

ಪಾನಾ-ಪಕ್ಕಡ್ (ಯುವ ಪುಟದ ಅಂಕಣ)



ಈ ಸಲ ನಿಮ್ಮಲ್ಲಿ ಬಹುಪಾಲು ಮಂದಿ ಕಣ್ಣಾರೆ ಕಂಡಿರದ ಒಂದು ಯಂತ್ರದ ವಿಷಯ. ಅದರ ಹೆಸರು ಸ್ಕಿಡ್ಡರ್. ಕಾಡಿನೊಳಗೆ ಕಡಿದ ಇಲ್ಲವೇ ಬಿದ್ದ ಮರಗಳನ್ನು ರಸ್ತೆಯವರೆಗೆ ಎಳೆದು ತರುವುದು ಅದರ ಕೆಲಸ. ನಮ್ಮ ಕಡೆ ಇದನ್ನು ಆನೆ ಮಾಡುತ್ತಿತ್ತು. ನೀವು ರಜೆಯಲ್ಲಿ ಕೊಡಗಿಗೆ ಹೋದಾಗ ದುಬಾರೆಯಲ್ಲಿ ಆನೆಗಳ ಸ್ನಾನ ನೋಡಿರಬಹುದು. ಆ ಶಿಬಿರದ ಆನೆಗಳು ಒಂದು ಕಾಲದಲ್ಲಿ ನಾಟಾ ಎಳೆದು ದುಡಿದವು. ಕೆನಡಾ, ಅಮೆರಿಕಗಳಲ್ಲಿ ಕುದುರೆ ಎಳೆಯುತ್ತಿತ್ತು. ಆ ಕುದುರೆಯ ಜಾಗಕ್ಕೆ ಬಂದ ಯಂತ್ರಗಳಲ್ಲಿ ಸ್ಕಿಡ್ಡರ್ ಒಂದು. ಜಾನ್ ಡಿಯರ್ ಕಂಪನಿ 440 ಎಂಬ ಮಾದರಿಯನ್ನು 1965ರಲ್ಲಿ ಹೊರತಂದಿತು. ಹೌದು, ಪುಣೆಯ ಹತ್ತಿರ ಸಣಸ್ವಾಡಿಯಲ್ಲಿ ಟ್ರ್ಯಾಕ್ಟರ್ ಮಾಡುವ ಅದೇ ಕಂಪನಿ. ಕೆನಡಾದ ವುಡ್‌ಸ್ಟಾಕ್ ಊರಿನ ಟಿಂಬರ್‌ಜ್ಯಾಕ್ ಇನ್ನೊಂದು ಹೆಸರಾಂತ ಕಂಪನಿ. 2000ರಲ್ಲಿ ಅದನ್ನೂ ಜಾನ್ ಡಿಯರ್ ಕೊಂಡುಕೊಂಡಿತು.

ಇಷ್ಟು ಪೀಠಿಕೆ ಸಾಕು. ವಿಷಯಕ್ಕೆ ಬರೋಣ.

ನನ್ನ ತಂಗಿಯ ಮಗ ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದವನು. ಈಗ ಒಟ್ಟಾವಾದಲ್ಲಿ ಕಂಪ್ಯೂಟರ್ ಕೆಲಸ. ಪಟ್ಟಣದಿಂದ ಒಂದು ಗಂಟೆ ದೂರದಲ್ಲಿ ಹಳೆಯ ಮನೆಯೊಂದನ್ನು ಕೊಂಡಿದ್ದಾನೆ, ಹಿಂದೆ ಐವತ್ತು ಎಕರೆ ಕಾಡು. 2022ರ ಮೇ 21ರಂದು ಒಂಟಾರಿಯೊ ಮತ್ತು ಕ್ವಿಬೆಕ್ ಪ್ರಾಂತಗಳ ಮೇಲೆ ಭಾರಿ ಬಿರುಗಾಳಿ ಬೀಸಿತಷ್ಟೆ? ಇವನ ಕಾಡಿನಲ್ಲೂ ಮೇಪಲ್ ಮರಗಳು ಸಾಲಾಗಿ ಮಲಗಿದವು. ಬಿದ್ದ ಮರ ನಮಗಾಗಿ ಕಾಯುವುದಿಲ್ಲ. ಹುಳು ಹಿಡಿಯುತ್ತದೆ, ಬಣ್ಣ ಕೆಡುತ್ತದೆ, ಹಲಗೆಯಾಗಬೇಕಾದದ್ದು ಸೌದೆಯಾಗುತ್ತದೆ. ಗುತ್ತಿಗೆದಾರರೆಲ್ಲ ದೊಡ್ಡ ಕಾಡುಗಳಿಗೆ ಹೋದರು. ಇವನ ತುಂಡು ಕಾಡಿಗೆ ಬರುವವರೇ ಇಲ್ಲ. ಮುಂದಿನ ವರ್ಷದ ಬೇಸಿಗೆಯಲ್ಲಿ ನಾನು ಮೂರು ತಿಂಗಳು ಇರಲೆಂದು ಹೋದಾಗ, ಚೀಲ ಇಳಿಸುವ ಮೊದಲೇ ಹೇಳಿದ: "ಮಾವ, ಒಂದು ಹಳೇ ಸ್ಕಿಡ್ಡರ್ ತಗೋಬೇಕು ಅಂತಿದೀನಿ. ನೀವು ಬಂದದ್ದು ಒಳ್ಳೇದಾಯ್ತು."

ಮೂವತ್ತು ವರ್ಷ ಠಾಣೆಯ ವರ್ಕ್‌ಶಾಪಿನಲ್ಲಿ ಗ್ರೀಸ್ ಮೆತ್ತಿಕೊಂಡ ಮಾವ ಬೇರೆ ಏತಕ್ಕೆ ಉಪಯೋಗ!

ಮೊದಲು ನೋಡಿದ ಯಂತ್ರ ಮದುಮಗನ ಹಾಗೆ ಹೊಳೆಯುತ್ತಿತ್ತು. ಹೊಸ ಹಳದಿ ಬಣ್ಣ, ಹೊಸ ಸೀಟು, ಮೀಟರಿನಲ್ಲಿ ಓಡಿದ ಗಂಟೆಗಳೂ ಕಡಿಮೆ. ಹುಡುಗನಿಗೆ ಆಗಲೇ ಮನಸ್ಸು ಜಾರಿತ್ತು. ನನಗೆ ನೆನಪಾದದ್ದು ಶಿರಸಿ ಕಡೆಯ ನಮ್ಮ ಅಜ್ಜ. ಅಜ್ಜ ದನದ ಜಾತ್ರೆಗೆ ಎತ್ತು ಕೊಳ್ಳಲು ಹೋದರೆ ಕೊಂಬಿನ ಬಣ್ಣ, ಕೊರಳ ಗೆಜ್ಜೆ ನೋಡುತ್ತಿರಲಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದರು, ಸುಳಿ ನೋಡುತ್ತಿದ್ದರು, ಆಮೇಲೆ "ಒಂದು ಸುತ್ತು ನಡೆಸಪ್ಪಾ" ಎನ್ನುತ್ತಿದ್ದರು. ದಲಾಲಿ ಶಾಲಿನ ಕೆಳಗೆ ಬೆರಳು ಹಿಡಿದು ದರ ಹೇಳುವುದೆಲ್ಲ ಅದಾದ ಮೇಲೆ.

ಸ್ಕಿಡ್ಡರಿನ ಹಲ್ಲು ಎಲ್ಲಿದೆ? ಹೇಳುತ್ತೇನೆ.

ಈ ಯಂತ್ರದ ಸ್ಟಿಯರಿಂಗ್ ತಿರುಗಿಸಿದರೆ ಕಾರಿನ ಹಾಗೆ ಮುಂದಿನ ಗಾಲಿಗಳು ತಿರುಗುವುದಿಲ್ಲ. ಯಂತ್ರದ ನಡುವೇ ಬಾಗುತ್ತದೆ. ಎಂಜಿನ್ ಇರುವ ಮುಂಭಾಗ, ವಿಂಚ್ ಇರುವ ಹಿಂಭಾಗ, ನಡುವೆ ದಪ್ಪ ಪಿನ್ನುಗಳ ಒಂದು ಕೀಲು. ಎರಡು ಹೈಡ್ರಾಲಿಕ್ ಸಿಲಿಂಡರುಗಳು ಅದನ್ನು ಆಚೀಚೆ ಬಾಗಿಸುತ್ತವೆ. ಮರಗಳ ಸಂದಿಯಲ್ಲಿ ಹಾವಿನಂತೆ ನುಸುಳಲು ಬರುವುದು ಇದರಿಂದಲೇ. ಆದ್ದರಿಂದ ಹಳೆಯ ಸ್ಕಿಡ್ಡರಿನ ವಯಸ್ಸು ಮೊದಲು ತಿಳಿಯುವುದು ಆ ಕೀಲಿನಲ್ಲಿ. ಮೀಟರ್ ಬದಲಿಸಬಹುದು, ಸೀಟು ಬದಲಿಸಬಹುದು. ಕೀಲಿನ ಪಿನ್ನು, ಬುಶ್ಶುಗಳನ್ನು ಬದಲಿಸಿ ತೂತನ್ನು ಮತ್ತೆ ಸರಿಪಡಿಸುವುದು ಮೈಮುರಿಯುವ, ಕಿಸೆ ಹರಿಯುವ ಕೆಲಸ.

ಮಾರುವವನಿಗೆ ಮುಂದಿನ ಬ್ಲೇಡನ್ನು ನೆಲಕ್ಕೆ ಒತ್ತಿ ಯಂತ್ರದ ಮೂತಿಯನ್ನು ಎತ್ತಲು ಹೇಳಿಸಿ, ದೂರ ನಿಂತು ಕೀಲನ್ನೇ ನೋಡಿದೆ. ಮೇಲಿನ ಪಿನ್ನು ಕಿರುಬೆರಳು ತೂರುವಷ್ಟು ಅಲುಗಿತು. ಗೇರ್‌ಬಾಕ್ಸಿನ ಆಯಿಲನ್ನು ಎರಡು ಬೆರಳಲ್ಲಿ ತಿಕ್ಕಿದರೆ ಬೆಳ್ಳಿಯ ಪುಡಿಯಂತೆ ಮಿನುಗಿತು. ಅದು ಗೇರು, ಬೇರಿಂಗುಗಳು ಸವೆದು ಬಿದ್ದ ಲೋಹ. ಎಲ್ಲಕ್ಕೂ ಮೊದಲು, ನಾವು ಹೋಗಿ ನಿಂತಾಗಲೇ ಎಂಜಿನ್ ಬೆಚ್ಚಗಿತ್ತು. ತಣ್ಣಗಿದ್ದಾಗ ಸ್ಟಾರ್ಟ್ ಆಗಲು ತಕರಾರು ಮಾಡುವ ಎಂಜಿನನ್ನು ಗಿರಾಕಿ ಬರುವ ಮುನ್ನ ಓಡಿಸಿಡುವುದು ಹಳೆಯ ಚಾಳಿ. ನೀವು ಸೆಕೆಂಡ್ ಹ್ಯಾಂಡ್ ಬೈಕ್ ಕೊಳ್ಳುವಾಗಲೂ ಇದೊಂದನ್ನು ಮರೆಯಬೇಡಿ. ಮಾತಿಗೆ ಮೊದಲು ಎಂಜಿನಿನ ಮೇಲೆ ಕೈ ಇಡಿ.

ಎರಡನೆಯ ಯಂತ್ರ ಒಬ್ಬ ವಯಸ್ಸಾದ ಮರಗೆಲಸದವರ ಅಂಗಳದಲ್ಲಿತ್ತು. ತುಕ್ಕು, ಒಡೆದ ದೀಪ, ಹರಿದ ಸೀಟಿನ ಮೇಲೆ ಗೋಣಿಚೀಲ. ಎಂಜಿನ್ ಮುಟ್ಟಿದೆ, ತಣ್ಣಗೆ. ಅದು ಡೆಟ್ರಾಯ್ಟ್ 3-53, ಅಂದರೆ ಮೂರು ಸಿಲಿಂಡರು, ಒಂದೊಂದೂ 53 ಘನ ಅಂಗುಲ. ಡೀಸೆಲ್ ಆದರೂ ಟೂ-ಸ್ಟ್ರೋಕ್. ಗಾಳಿಯನ್ನು ಒಳಗೆ ತಳ್ಳಲು ಬ್ಲೋವರ್ ಬೇಕು. ಸಣ್ಣ ಗಾತ್ರ, ಆದರೆ ಕಿವಿ ಹರಿಯುವ ಸದ್ದು. ಆ ಹಿರಿಯರು ಯಂತ್ರವನ್ನು ಹೊಗಳಲಿಲ್ಲ. ಒಂದು ರಟ್ಟಿನ ಮೇಲೆ ಬರೆದಿಟ್ಟಿದ್ದ ಅದರ ರೋಗಗಳನ್ನು ಓದಿದರು. ವಿಂಚಿನ ಬ್ರೇಕು ಸವೆದಿದೆ. ಎಡಗಡೆ ಹಿಂದಿನ ಟಯರಿನ ರಿಮ್ಮು ತುಕ್ಕು ಹಿಡಿದಿದೆ, ಏಕೆಂದರೆ ಭಾರಕ್ಕಾಗಿ ಟಯರಿನೊಳಗೆ ತುಂಬಿದ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣ ಸೋರಿದೆ. ಆ ಚಳಿಯಲ್ಲಿ ಬರಿಯ ನೀರು ತುಂಬಿದರೆ ಹೆಪ್ಪುಗಟ್ಟುತ್ತದೆ ನೋಡಿ. ಕೀಲು ಮಾತ್ರ ಗಟ್ಟಿ, ದಿನಾ ಗ್ರೀಸ್ ತಿಂದ ಕೀಲು.

ಇದನ್ನೇ ಕೊಂಡೆವು.

ಆದರೆ ಹಣ ಕೊಟ್ಟರೂ ಹಿರಿಯರು ಕೀಲಿಕೈ ಕೊಡಲಿಲ್ಲ. "ಮೊದಲು ಇದಕ್ಕೆ ಗ್ರೀಸ್ ಹಾಕಿ ತೋರಿಸು" ಅಂದರು. ಹುಡುಗ ಉತ್ಸಾಹದಿಂದ ಗ್ರೀಸ್ ಗನ್ ಹಿಡಿದು, ಎಂಜಿನ್ ಓಡುತ್ತಿದ್ದಂತೆಯೇ ಗಾಲಿಗಳ ನಡುವೆ ನುಸುಳಿ ಕೀಲಿನ ಹತ್ತಿರ ಬಗ್ಗಿದ. ಹಿರಿಯರು ಥಟ್ಟನೆ ಎಂಜಿನ್ ನಿಲ್ಲಿಸಿ, ಅವನ ತೋಳು ಹಿಡಿದು ಹೊರಗೆಳೆದರು. ಅವರು ಕುಂಟುತ್ತಾರೆಂಬುದನ್ನು ನಾವು ಆಗಲೇ ಗಮನಿಸಿದ್ದೆವು, ಕೇಳಿರಲಿಲ್ಲ. ಈಗ ಅವರೇ ಹೇಳಿದರು. ಇಪ್ಪತ್ತೈದರ ವಯಸ್ಸಿನಲ್ಲಿ, ಇಂಥದೇ ಕೀಲಿನಲ್ಲಿ, ಇನ್ನೊಬ್ಬರು ಸೀಟು ಹತ್ತುವಾಗ ಸ್ಟಿಯರಿಂಗ್ ಹಿಡಿದದ್ದಷ್ಟೇ ಕಾರಣ. ಆರು ಟನ್ನಿನ ಯಂತ್ರ ಬಾಗಿದರೆ ನಡುವೆ ಮನುಷ್ಯನಿಗೆ ಜಾಗವಿರುವುದಿಲ್ಲ. ಅದಕ್ಕೆಂದೇ ಒಂದು ಕಬ್ಬಿಣದ ಪಟ್ಟಿ ಇರುತ್ತದೆ. ಎಂಜಿನ್ ನಿಲ್ಲಿಸಿ, ಬ್ಲೇಡ್ ಇಳಿಸಿ, ಆ ಪಟ್ಟಿಯನ್ನು ಎರಡೂ ಭಾಗಕ್ಕೆ ಸಿಕ್ಕಿಸಿ ಪಿನ್ ಹಾಕಿದರೆ ಯಂತ್ರ ಬಾಗದು. ಆಮೇಲೆಯೇ ಕೈ ಒಳಗೆ. ಹುಡುಗ ಮೂರು ಬಾರಿ ಹಾಗೆ ಮಾಡಿ ತೋರಿಸಿದ ಮೇಲೆ ಕೀಲಿಕೈ ಸಿಕ್ಕಿತು.

ನಾನು? ನಾನೂ ಅಲ್ಲೇ ನಿಂತಿದ್ದೆ. ಕೀಲಿನ ಸವಕಳಿಯನ್ನು ಅಷ್ಟು ಜಾಣತನದಿಂದ ಅಳೆದ ಈ ಮಾವನ ಬಾಯಿಂದ "ಎಂಜಿನ್ ನಿಲ್ಲಿಸೋ" ಎಂಬ ಒಂದು ಮಾತು ಹೊರಡಲಿಲ್ಲ. ತಂಗಿಗೆ ಇದನ್ನು ನಾನು ಇನ್ನೂ ಹೇಳಿಲ್ಲ. ಈ ಸಂಚಿಕೆ ಓದಿ ತಿಳಿಯುತ್ತಾಳೆ.

ಕೊಂಡದ್ದು ಒಂದು ದಿನ, ಅರಿತುಕೊಳ್ಳಲು ಎರಡು ತಿಂಗಳು. ಈ ಎಂಜಿನಿಗೆ ಕಾರಿನ ಮಲ್ಟಿಗ್ರೇಡ್ ಆಯಿಲ್ ಒಗ್ಗುವುದಿಲ್ಲ, ಎಸ್‌ಎಇ 40 ಸಿಂಗಲ್ ಗ್ರೇಡೇ ಬೇಕು. ಸೀಲುಗಳು ಸವೆದು ಇಂಥ ಡೀಸೆಲ್ ಎಂಜಿನ್ ತನ್ನ ಆಯಿಲನ್ನೇ ಕುಡಿಯತೊಡಗಿದರೆ, ಡೀಸೆಲ್ ನಿಲ್ಲಿಸಿದರೂ ಅದು ನಿಲ್ಲದೆ ಹುಚ್ಚು ಹಿಡಿದಂತೆ ಓಡಬಹುದು. ಆಗ ಗಾಳಿಯ ದಾರಿಯನ್ನೇ ಮುಚ್ಚಬೇಕು. ಅದಕ್ಕಿರುವ ಮುಚ್ಚಳ ತುಕ್ಕು ಹಿಡಿದು ಸಿಕ್ಕಿಕೊಂಡಿಲ್ಲವೆಂದು, ಎಂಜಿನ್ ನಿಂತಿರುವಾಗ ಕೈಯಿಂದ ಆಡಿಸಿ ನೋಡಿಕೊಂಡೆವು. ವೈರ್ ರೋಪಿನಲ್ಲಿ ತುಂಡಾದ ಎಳೆಗಳು ಮುಳ್ಳಿನಂತೆ ಎದ್ದಿರುತ್ತವೆ, ಚರ್ಮದ ಕೈಗವಸಿಲ್ಲದೆ ಮುಟ್ಟಬಾರದು. ದಿಮ್ಮಿಯನ್ನು ಪಕ್ಕದಿಂದ ಎಳೆದರೆ ಯಂತ್ರವೇ ಮಗುಚೀತು, ಅದು ನೇರ ಹಿಂದೆ ಇರಬೇಕು.

ನನಗೆ ಬಹಳ ಹಿಡಿಸಿದ ಪಾಠ ಕೆಸರಿನದು. ದಿಮ್ಮಿಗಳ ಸಮೇತ ಗಾಲಿ ಹೂತರೆ ಎಂಜಿನನ್ನು ಅರಚಿಸಬಾರದು. ವಿಂಚ್ ಸಡಿಲಿಸಿ ದಿಮ್ಮಿಗಳನ್ನು ಅಲ್ಲೇ ಬಿಟ್ಟು, ಹಗ್ಗ ಬಿಚ್ಚಿಕೊಳ್ಳುತ್ತಿದ್ದಂತೆ ಖಾಲಿ ಯಂತ್ರ ಗಟ್ಟಿ ನೆಲಕ್ಕೆ ಹೋಗಬೇಕು. ಅಲ್ಲಿ ನಿಂತು ವಿಂಚಿನಿಂದ ಭಾರವನ್ನು ತನ್ನತ್ತ ಎಳೆದುಕೊಳ್ಳಬೇಕು.

ಎಲ್ಲ ಮರಗಳೂ ಉಳಿಯಲಿಲ್ಲ. ಒಂದು ವರ್ಷ ತಡವಾಗಿತ್ತಲ್ಲ, ಅರ್ಧದಷ್ಟು ಸೌದೆಗೇ ಹೋಯಿತು. ಉಳಿದರ್ಧ ಹಲಗೆಯಾಗಿ ಅವನ ಕೊಟ್ಟಿಗೆಯಲ್ಲಿ ಒಣಗಿತು. ಅದರಿಂದಲೇ ಮಾಡಿದ ಊಟದ ಮೇಜಿನ ಫೋಟೋ ತಂಗಿಗೆ ಕಳಿಸಿದ್ದಾನೆ.

ಹೋದ ತಿಂಗಳು ಫೋನ್ ಮಾಡಿದ್ದ. "ಮಾವ, ಯಂತ್ರ ನೋಡೋಕೆ ತುಂಬ ಕೆಟ್ಟದಾಗಿ ಕಾಣ್ತದೆ. ಬಣ್ಣ ಹೊಡೆಸ್ಲಾ?"

"ಹೊಡೆಸು, ಧಾರಾಳವಾಗಿ ಹೊಡೆಸು. ಮಾರೋ ವರ್ಷ ಮಾತ್ರ ಬೇಡ. ಮತ್ತೆ ಆ ಹಿರಿಯರ ರಟ್ಟು ಜೋಪಾನ."

"ಅದು ಸೀಟಿನ ಹಿಂದೆನೇ ಇದೆ ಮಾವ. ಕೆಳಗೆ ನಾನೂ ನಾಲ್ಕು ಸಾಲು ಸೇರಿಸಿದೀನಿ."

ನಿಮ್ಮ ಮನೆಯಲ್ಲೂ ಒಂದು ಹಳೆಯ ಸ್ಕೂಟರೋ, ಹೊಲಿಗೆ ಯಂತ್ರವೋ ಇದ್ದೀತು. ಅದರ ಗುಣ-ರೋಗಗಳ ಕಥೆ ಬರೆದು ಕಳಿಸಿ. ಕನ್ನಡ ಬರೆಯುವ ರೂಢಿ ತಪ್ಪಿದ್ದರೆ ನೀವು ಹೇಳಿ, ಅಮ್ಮನಿಂದ ಬರೆಸಿ. ಕಾಗುಣಿತ ತಿದ್ದುವ ಕೆಲಸ ನನಗಿರಲಿ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಕಾಣೋಣ.