ಪಾಸ್‌ಪೋರ್ಟ್ ನಿಮ್ಮ ಕೈಯಲ್ಲೇ ಇರಲಿ

ನಮ್ಮ ಲೈನು ಮನೆಗಳ ಮಕ್ಕಳು ದುಬೈಗೆ ಹೊರಟಾಗ ನಾವು ಪ್ರಾರ್ಥಿಸಿ ಕಳುಹಿಸುತ್ತೇವೆ. ಕಾಗದಪತ್ರಗಳ ವಿಷಯವನ್ನೋ ಏಜೆಂಟನಿಗೇ ಬಿಟ್ಟುಬಿಡುತ್ತೇವೆ. ಇದು ತಪ್ಪು. "ಜೋಪಾನವಾಗಿ ಇಡುತ್ತೇವೆ, ಕೊಡು" ಎಂದು ಪಾಸ್‌ಪೋರ್ಟ್ ಕೇಳುವ ಧಣಿಗಳಿದ್ದಾರೆ. ಅದನ್ನು ಅವರು ಇಟ್ಟುಕೊಳ್ಳುವುದು ಅಲ್ಲಿನ ಕಾನೂನಿಗೇ ವಿರುದ್ಧ. ವೀಸಾ ಕೆಲಸಕ್ಕೆಂದು ಕೊಟ್ಟರೂ ಕೇಳಿ ಹಿಂದಕ್ಕೆ ಪಡೆಯಿರಿ. 1964ರ ಒಪ್ಪಂದದ ಮೇಲೆ ಸಿಲೋನಿನಿಂದ ನೀಲಗಿರಿಗೆ ಬಂದವರ ಮನೆಗಳಲ್ಲಿ ವಿಚಾರಿಸಿ ನೋಡಿ, ಕಾಗದದ ಬೆಲೆ ಅವರು ಹೇಳುತ್ತಾರೆ.

ಇನ್ನೊಂದು ಮಾತು. ಹತ್ತನೇ ತರಗತಿ ಪಾಸಾಗದವರು ಎಮಿಗ್ರೇಷನ್ ಕ್ಲಿಯರೆನ್ಸ್ ಪಡೆದೇ ಕೆಲಸಕ್ಕೆ ಹೋಗಬೇಕು. ಅದರೊಂದಿಗೆ ಹತ್ತು ಲಕ್ಷದ ವಿಮೆಯೂ ಉಂಟು. ವಿಸಿಟ್ ವೀಸಾದಲ್ಲಿ ನುಸುಳಿ ಹೋದವನಿಗೆ ಅಪಘಾತವಾದರೆ ಇಲ್ಲಿರುವ ತಾಯಿ ಯಾರ ಬಾಗಿಲು ತಟ್ಟಬೇಕು? ಸಹಿ ಹಾಕಿದ ಕರಾರಿನ ಒಂದು ಪ್ರತಿಯನ್ನು ಹೊರಡುವ ಮೊದಲೇ ಆಕೆಯ ಕೈಗೆ ಕೊಡಿ.