ಬೆಳೆ ಇಳುವರಿಯ ಸರ್ಕಾರಿ ಲೆಕ್ಕ: ಫ್ಯಾನಿನ ಕೆಳಗೆ ಕೂತು ಬರೆಯುವುದೇ?

ಬೆಳೆವಿಮೆ ಹಣ ಬಾರದ ವರ್ಷ ಊರಿನ ವಾಟ್ಸಾಪ್ ಗ್ರೂಪುಗಳಲ್ಲಿ ಈ ಥರದ ಮೆಸೇಜ್ ಓಡಾಡುತ್ತದೆ: "ಇಳುವರಿ ಲೆಕ್ಕವೆಲ್ಲ ಸುಳ್ಳು, ಅಧಿಕಾರಿಗಳು ಫ್ಯಾನಿನ ಕೆಳಗೆ ಕೂತು ಬರೀತಾರೆ." ಫಾರ್ವರ್ಡ್ ಮಾಡುವ ಮೊದಲು ಆ ಲೆಕ್ಕ ಹೇಗೆ ಬರುತ್ತದೆಂದು ನೋಡೋಣ.

ಒಂದು ಕಾಲದಲ್ಲಿ ಅದು ನಿಜಕ್ಕೂ ಕಣ್ಣಳತೆಯ ಲೆಕ್ಕವೇ. ಈ ವರ್ಷ ಎಷ್ಟಾಣೆ ಬೆಳೆ ಎಂದು ನೋಡಿ ಹೇಳುವ ಆಣೆವಾರಿ ಪದ್ಧತಿ ಇತ್ತು. 1940ರ ದಶಕದಲ್ಲಿ ಪಿ.ವಿ. ಸುಖಾತ್ಮೆ ಮತ್ತು ವಿ.ಜಿ. ಪಾನ್ಸೆ ಎಂಬ ಸಂಖ್ಯಾಶಾಸ್ತ್ರಜ್ಞರು ಇದರ ಬದಲು ಕೊಯ್ದು ತೂಗುವ ವಿಧಾನ ಬೆಳೆಸಿದರು. ಇಂದಿನ 'ಬೆಳೆ ಕಟಾವು ಪ್ರಯೋಗ' ಅದೇ.

ಇಲ್ಲಿ ಅಧಿಕಾರಿ ತನಗೆ ಕಂಡ ಹೊಲ ಆರಿಸುವಂತಿಲ್ಲ. ಯಾವ ಸರ್ವೆ ನಂಬರ್, ಹೊಲದ ನೈಋತ್ಯ ಮೂಲೆಯಿಂದ ಎಷ್ಟು ಹೆಜ್ಜೆ ಎಂಬುದೆಲ್ಲ ಚೀಟಿ ಎತ್ತಿದ ಹಾಗೆ ನಿರ್ಧಾರವಾಗುತ್ತದೆ. ರಾಗಿ, ಭತ್ತಕ್ಕೆ ಸಾಮಾನ್ಯವಾಗಿ 5 ಮೀಟರ್ ಉದ್ದ, 5 ಮೀಟರ್ ಅಗಲದ ಚೌಕ. ಗೂಟ ನೆಟ್ಟು, ಹಗ್ಗ ಕಟ್ಟಿ, ಒಳಗಿನದನ್ನಷ್ಟೇ ಕೊಯ್ದು, ಬಡಿದು ತೂಗಬೇಕು. ಬಂಗಾಳದಲ್ಲಿ ಪಿ.ಸಿ. ಮಹಲನೋಬಿಸ್ ಇದಕ್ಕಿಂತ ಚಿಕ್ಕ ತುಂಡು ಸಾಕೆಂದರು, ಸುಖಾತ್ಮೆ ಒಪ್ಪಲಿಲ್ಲ. ತುಂಡು ಚಿಕ್ಕದಾದಷ್ಟೂ ಅಂಚಿನ ಪಾಲು ಹೆಚ್ಚು, ಅಂಚಿನ ಗಿಡವನ್ನು ಕೈ ತಾನಾಗಿ ಒಳಗೆಳೆದುಕೊಳ್ಳುತ್ತದೆ, ಇಳುವರಿ ಇದ್ದದ್ದಕ್ಕಿಂತ ಜಾಸ್ತಿ ಕಾಣುತ್ತದೆ.

ಇದು ಸಣ್ಣ ವಿಷಯವಲ್ಲ. ಚೌಕದಲ್ಲಿ 5 ಕೆ.ಜಿ. ರಾಗಿ ಸಿಕ್ಕರೆ ಹೆಕ್ಟೇರಿಗೆ 20 ಕ್ವಿಂಟಲ್. ತೂಕದಲ್ಲಿ ಅರ್ಧ ಕೆ.ಜಿ. ತಪ್ಪಿದರೆ ಹೆಕ್ಟೇರಿಗೆ 2 ಕ್ವಿಂಟಲ್ ವ್ಯತ್ಯಾಸ!

ಫಸಲ್ ಬಿಮಾ ಯೋಜನೆಯಲ್ಲಿ ಹಿಂದಿನ 7 ವರ್ಷಗಳ ಪೈಕಿ ಉತ್ತಮವಾದ 5 ವರ್ಷಗಳ ಸರಾಸರಿಯಿಂದ ಒಂದು ಮಿತಿ ಗೊತ್ತುಮಾಡುತ್ತಾರೆ. ಈ ವರ್ಷದ ಇಳುವರಿ ಅದಕ್ಕಿಂತ ಕೆಳಗಿಳಿದರೆ ಪರಿಹಾರ. ಮುಖ್ಯ ಬೆಳೆಗಳಿಗೆ ನೋಡುವುದು ಪಂಚಾಯಿತಿಯ ಸರಾಸರಿ, ನಿಮ್ಮೊಬ್ಬರ ಹೊಲವಲ್ಲ. ಹಾಗಾಗಿ ನಿಮ್ಮ ಬೆಳೆ ಹೋಗಿಯೂ ಹಣ ಬಾರದಿದ್ದರೆ ಲೆಕ್ಕ ಸುಳ್ಳೆಂದೇ ಅರ್ಥವಲ್ಲ. ಆದರೆ ಸಿಟ್ಟಿಗೆ ಕಾರಣವೇ ಇಲ್ಲ ಎನ್ನಲಾರೆ: ಕಟಾವು ಮಾಡದೆ ಅಂಕಿ ತುಂಬಿದರೆ, ಇಳುವರಿ ಹೆಚ್ಚಿಸಿ ಬರೆದರೆ, ನಷ್ಟ ನೇರವಾಗಿ ರೈತನದು. ಕೇಳಬೇಕಾದ ಪ್ರಶ್ನೆ, ನಮ್ಮ ಪಂಚಾಯಿತಿಯಲ್ಲಿ ಯಾವ ಸರ್ವೆ ನಂಬರಿನಲ್ಲಿ, ಯಾವತ್ತು ಕೊಯ್ದಿರಿ?

ವಿಜ್ಞಾನಿಗಳಿಗೂ ಬೇಕಾದದ್ದು ಇದೇ ಅಂಕಿ. ಸಂಶೋಧನಾ ಕೇಂದ್ರದ ತಾಕಿನಲ್ಲಿ ಹೊತ್ತಿಗೆ ಸರಿಯಾಗಿ ನೀರು, ಗೊಬ್ಬರ, ಕಳೆ ತೆಗೆಯುವುದು ಎಲ್ಲ ನಡೆಯುತ್ತದೆ. ಹೊಸ ತಳಿ ಚೆನ್ನಾಗಿಯೇ ಬರುತ್ತದೆ. ಅದೇ ತಳಿ ರೈತರ ಹೊಲಕ್ಕೆ ಹೋದ ಮೇಲೆ ಜಿಲ್ಲೆಯ ಇಳುವರಿ ಏರಿತೇ, ಏರಿದ್ದು ತಳಿಯಿಂದಲೋ ಒಳ್ಳೆ ಮಳೆಯಿಂದಲೋ ಎಂದು ತಿಳಿಯಲು ವರ್ಷ ವರ್ಷ ತೂಗಿದ ಲೆಕ್ಕ ಬೇಕು.

ಅಂದ ಹಾಗೆ, "ಎಕರೆಗೆ 50 ಕ್ವಿಂಟಲ್ ರಾಗಿ ಕೊಡುವ ಬೀಜ" ಎಂಬ ಫಾರ್ವರ್ಡ್ ಬಂದರೂ ಇದೇ ಚೌಕ ಸಾಕು. ಒಂದು ಎಕರೆಯಲ್ಲಿ ಅಂಥ ಚೌಕಗಳು ಸುಮಾರು 162. ಅಂದರೆ ಒಂದೊಂದರಲ್ಲೂ ಸುಮಾರು 31 ಕೆ.ಜಿ. ರಾಗಿ ಸಿಗಬೇಕು.