ಸಾಹೇಬರ ಡಾಂಗಲ್ ನನ್ನ ಡ್ರಾಯರಿನಲ್ಲಿತ್ತು

ಕೆಲವು ವರ್ಷಗಳ ಹಿಂದೆ ನಾನೊಂದು ಸರ್ಕಾರಿ ಕಚೇರಿಯಲ್ಲಿ ಹೊರಗುತ್ತಿಗೆ ಡೇಟಾ ಎಂಟ್ರಿ ಆಪರೇಟರ್ ಆಗಿದ್ದೆ. ಕೆಲಸಕ್ಕೆ ಸೇರಿದ ದಿನವೇ ನನ್ನ ಕೈಗೆ ಸಾಹೇಬರ ಡಿಜಿಟಲ್ ಸಹಿಯ ಡಾಂಗಲ್ ಬಂತು. ಅದರ ಪಿನ್ ಅನ್ನು ಮಾನಿಟರಿನ ಅಂಚಿಗೆ ಅಂಟಿಸಿದ್ದ ಹಳದಿ ಚೀಟಿಯಲ್ಲಿ ಬರೆದಿದ್ದರು. ನನ್ನದೇ ಹೆಸರಿನ ಲಾಗಿನ್ ಮಾತ್ರ ಕೊನೆಯವರೆಗೂ ಬರಲಿಲ್ಲ. 'ಏಜೆನ್ಸಿಯವರಿಗೆಲ್ಲ ಐಡಿ ಕೊಡಕ್ಕಾಗಲ್ಲಪ್ಪ' ಅಂದಿದ್ದರು.

ಅಲ್ಲಿದ್ದಷ್ಟು ತಿಂಗಳು ಅರ್ಜಿಗಳನ್ನು ತೆರೆದಿದ್ದು, ಓದಿದ್ದು, ಅನುಮೋದಿಸಿದ್ದು ನಾನು. ಸಿಸ್ಟಮ್ಮಿನ ದಾಖಲೆಯಲ್ಲಿ ಅಷ್ಟನ್ನೂ ಮಾಡಿದ್ದು ಸಾಹೇಬರು. ಅವರು ಜಿಲ್ಲಾ ಕೇಂದ್ರದಲ್ಲಿ ಮೀಟಿಂಗಿನಲ್ಲಿದ್ದಾಗಲೂ, ರಜೆ ಹಾಕಿ ಮದುವೆಗೆ ಹೋಗಿದ್ದಾಗಲೂ ಅವರ ಸಹಿ ಬೀಳುತ್ತಲೇ ಇತ್ತು.

'ಪಾಸ್‌ವರ್ಡ್ ಯಾರಿಗೂ ಕೊಡಬೇಡಿ' ಎಂಬ ಉಪದೇಶ ಕೇಳಿದಾಗಲೆಲ್ಲ ನನಗೆ ನಗು ಬರುವುದು ಇದಕ್ಕೇ. ಸೈಬರ್ ಭದ್ರತೆ ಅಂದರೆ ನೌಕರರ ಅಜಾಗರೂಕತೆಯ ಸಮಸ್ಯೆ ಅಂತ ನಮಗೆ ಹೇಳಿಕೊಡುತ್ತಾರೆ. ನಾನು ಕಂಡಂತೆ ಅದು ದುಡಿಮೆಯ ಸಮಸ್ಯೆ. ಹುದ್ದೆ ಇರುವವರಿಗೆ ಐಡಿ ಇದೆ, ಐಡಿ ಇಲ್ಲದವರಿಗೆ ಕೆಲಸ ಇದೆ. ಇವೆರಡರ ನಡುವಿನ ಕಂದಕದಲ್ಲಿ ಹೊಣೆಗಾರಿಕೆ ಬಿದ್ದುಹೋಗುತ್ತದೆ.

ಕಾನೂನು ಇಲ್ವಾ? ಇದೆ. ಡಿಜಿಟಲ್ ಸಹಿಯ ಖಾಸಗಿ ಕೀ ತನ್ನ ಹಿಡಿತದಲ್ಲೇ ಇರುವಂತೆ ಸಹಿದಾರ ನೋಡಿಕೊಳ್ಳಬೇಕು ಎನ್ನುತ್ತದೆ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಸೆಕ್ಷನ್ 42. ಇನ್ನೊಬ್ಬರ ಸಹಿ ಅಥವಾ ಪಾಸ್‌ವರ್ಡನ್ನು ವಂಚನೆಯಿಂದ ಬಳಸಿದರೆ ಸೆಕ್ಷನ್ 66ಸಿ ಪ್ರಕಾರ 3 ವರ್ಷದವರೆಗೆ ಜೈಲು. ಒಂದು ಕಡತ ಎಡವಟ್ಟಾದರೆ ಏನಾಗುತ್ತದೆ ಊಹಿಸಿ. ಸಾಹೇಬರು 'ನನಗೆ ಗೊತ್ತೇ ಇಲ್ಲ' ಅನ್ನಬಹುದು. 'ನೀವೇ ಕೊಟ್ಟಿದ್ದಲ್ವಾ ಸರ್' ಎಂದು ಸಾಬೀತು ಮಾಡಲು ಗುತ್ತಿಗೆ ನೌಕರನ ಬಳಿ ಒಂದು ತುಂಡು ಕಾಗದವೂ ಇರುವುದಿಲ್ಲ.

ಇದು ತಾಲ್ಲೂಕು ಕಚೇರಿಗಳ ರೋಗ ಮಾತ್ರ ಅಂದುಕೊಂಡಿದ್ದರೆ ಸಂಸತ್ತನ್ನು ನೆನಪಿಸಿಕೊಳ್ಳಿ. 2023ರ ಡಿಸೆಂಬರ್ 8ರಂದು ತೃಣಮೂಲ ಸಂಸದೆ ಮಹುವಾ ಮೊಯಿತ್ರಾ ಅವರನ್ನು ಲೋಕಸಭೆಯಿಂದ ಉಚ್ಚಾಟಿಸಲಾಯಿತು. ಪ್ರಶ್ನೆ ಸಲ್ಲಿಸುವ ಪೋರ್ಟಲ್‌ನ ಲಾಗಿನ್ ಅನ್ನು ಉದ್ಯಮಿ ದರ್ಶನ್ ಹೀರಾನಂದಾನಿಗೆ ಕೊಟ್ಟಿದ್ದನ್ನು ಅವರೇ ಒಪ್ಪಿಕೊಂಡಿದ್ದರು, ಹಣ ಪಡೆದ ಆರೋಪವನ್ನು ನಿರಾಕರಿಸಿದ್ದರು. ಲಾಗಿನ್ ಯಾರಿಗೆ ಕೊಡಬಹುದು, ಯಾರಿಗೆ ಕೊಡಬಾರದು ಎಂಬ ನಿಯಮವೇ ಇಲ್ಲ, ಸಂಸದರ ಪರವಾಗಿ ಬೇರೆಯವರು ಟೈಪ್ ಮಾಡುವುದು ಮಾಮೂಲಿ ಎಂಬುದು ಅವರ ವಾದ. ಉದ್ಯಮಿಯೊಬ್ಬರ ಕೈಗೆ ಸಂಸದರ ಲಾಗಿನ್ ಹೋಗಿದ್ದನ್ನು ನಾನು ಸಮರ್ಥಿಸಲಾರೆ. ಆದರೆ ಎಲ್ಲರೂ ಹಂಚಿಕೊಳ್ಳುವ ವ್ಯವಸ್ಥೆಯಲ್ಲಿ ಯಾರನ್ನು ಹಿಡಿಯಬೇಕು ಎಂಬುದನ್ನು ಅಧಿಕಾರದಲ್ಲಿದ್ದವರು ತೀರ್ಮಾನಿಸುತ್ತಾರೆ. ಎಲ್ಲರೂ ಮುರಿಯುವ ನಿಯಮ ವಿರೋಧಿಯ ವಿರುದ್ಧ ಮಾತ್ರ ಜಾರಿಯಾಗಬಹುದು. ಸಡಿಲ ವ್ಯವಸ್ಥೆಯ ರಾಜಕೀಯ ಲಾಭ ಇದು.

ಲಾಗಿನ್ ಸರಕಾಗುವುದೂ ಹೀಗೇ. 2018ರ ಜನವರಿಯಲ್ಲಿ 'ದಿ ಟ್ರಿಬ್ಯೂನ್' ಪತ್ರಿಕೆಯ ವರದಿಗಾರ್ತಿ 500 ರೂಪಾಯಿ ಕೊಟ್ಟು ಕೆಲವೇ ನಿಮಿಷಗಳಲ್ಲಿ ಒಂದು ಲಾಗಿನ್ ಖರೀದಿಸಿದರು. ಯಾವುದೇ ಆಧಾರ್ ಸಂಖ್ಯೆ ಹಾಕಿದರೂ ಹೆಸರು, ವಿಳಾಸ, ಫೋಟೋ, ಫೋನ್ ನಂಬರ್ ಕಾಣುತ್ತಿತ್ತು. ಆಧಾರ್ ಪ್ರಾಧಿಕಾರ ಸೋರಿಕೆಯೇ ಆಗಿಲ್ಲ, ಕುಂದುಕೊರತೆಗಾಗಿ ಕೊಟ್ಟಿದ್ದ ಹುಡುಕಾಟದ ಸೌಲಭ್ಯ ದುರ್ಬಳಕೆಯಾಗಿದೆ ಎಂದಿತು. ನಂತರ ದಾಖಲಾದ ಎಫ್‌ಐಆರ್‌ನಲ್ಲಿ ವರದಿಗಾರ್ತಿಯ ಹೆಸರೂ ಇತ್ತು! ಬೀಗ ಒಡೆದಿರಲಿಲ್ಲ ನಿಜ. ಕೀಲಿ ಸಂತೆಯಲ್ಲಿ ಮಾರಾಟಕ್ಕಿತ್ತು, ಅಷ್ಟೇ.

ಖಾಸಗಿ ಕಂಪನಿಗಳೇನೂ ಸಾಚಾ ಅಲ್ಲ. 2021ರ ಮೇನಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಸ್ಥಗಿತಗೊಂಡು ಅಲ್ಲಿನ ಪೂರ್ವ ರಾಜ್ಯಗಳ ಪೆಟ್ರೋಲ್ ಬಂಕ್‌ಗಳಲ್ಲಿ ಸಾಲು ಬೆಳೆಯಿತು. ಹ್ಯಾಕರ್‌ಗಳು ಒಳಬಂದಿದ್ದು ಬಳಕೆಯಲ್ಲಿಲ್ಲದ, ಆದರೆ ಯಾರೂ ಮುಚ್ಚದೇ ಬಿಟ್ಟಿದ್ದ ಒಂದು ಹಳೆಯ ವಿಪಿಎನ್ ಖಾತೆಯಿಂದ. ಅದಕ್ಕೆ ಒಟಿಪಿಯಂಥ ಎರಡನೇ ತಪಾಸಣೆಯೂ ಇರಲಿಲ್ಲ. ಕಂಪನಿ ಕಟ್ಟಿದ ಒತ್ತೆಹಣ ಸುಮಾರು 44 ಲಕ್ಷ ಡಾಲರ್.

ಈಗ ನಮ್ಮ ಆಳಂದಕ್ಕೆ ಬನ್ನಿ. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಮತದಾರರ ಹೆಸರು ತೆಗೆಯಿರಿ ಎಂದು ಆನ್‌ಲೈನ್‌ನಲ್ಲಿ 6,018 ಅರ್ಜಿಗಳು ಬಂದವು. ಪರಿಶೀಲಿಸಿದಾಗ ಸರಿಯಾಗಿದ್ದಿದ್ದು 24 ಮಾತ್ರ. ತಮ್ಮ ಹೆಸರಿನಲ್ಲಿ ಅರ್ಜಿ ಹೋಗಿದೆ ಎಂಬುದೇ ಗೊತ್ತಿಲ್ಲದವರಿದ್ದರು. ಈ ಲಾಗಿನ್‌ಗಳ ಹಿಂದೆ ಯಾರಿದ್ದರು ಎಂದು ಪತ್ತೆ ಮಾಡಲು ಸಿಐಡಿ ಮತ್ತೆ ಮತ್ತೆ ತಾಂತ್ರಿಕ ವಿವರ ಕೇಳಿತು. ನಮ್ಮಲ್ಲಿರುವುದನ್ನು 2023ರಲ್ಲೇ ಕೊಟ್ಟಿದ್ದೇವೆ ಎಂದಿತು ಚುನಾವಣಾ ಆಯೋಗ. ಹೆಸರು ಅಳಿಸುವ ಅರ್ಜಿಗೆ ಆಧಾರ್ ಜೋಡಿತ ಮೊಬೈಲ್ ಒಟಿಪಿಯ ಇ-ಸಹಿ ಬಂದಿದ್ದು 2025ರ ಸೆಪ್ಟೆಂಬರಿನಲ್ಲಿ, ವಿಷಯ ರಾಷ್ಟ್ರಮಟ್ಟದಲ್ಲಿ ಗದ್ದಲವಾದ ಮೇಲೆ. ಅಲ್ಲಿ ಪಣಕ್ಕಿದ್ದಿದ್ದು ಮತದ ಹಕ್ಕು. ಯಾರು ಯಾವಾಗ ಎಲ್ಲಿಂದ ಒಳಬಂದರು ಎಂದು ಹೇಳುವ ಆ ನೀರಸ ಲಾಗ್ ಫೈಲೇ ಅದರ ಏಕೈಕ ಸಾಕ್ಷಿ.

ಹಾಗಾದರೆ ನಾವು ಏನು ಕೇಳಬೇಕು? ಮೊದಲನೆಯದು, ಕೆಲಸ ಮಾಡುವ ಪ್ರತಿಯೊಬ್ಬರಿಗೂ, ಗುತ್ತಿಗೆಯವರಿಗೂ, ಅವರದೇ ಐಡಿ. ಅವರ ಕೆಲಸಕ್ಕೆ ಬೇಕಾದಷ್ಟೇ ಪ್ರವೇಶ. ಅನುಮೋದಿಸುವ ಅಧಿಕಾರ ಸಾಹೇಬರದ್ದಾದರೆ ಬಟನ್ ಒತ್ತುವ ಬೆರಳೂ ಅವರದ್ದೇ ಆಗಲಿ. ಕೆಲಸ ಬಿಟ್ಟ ದಿನವೇ ಆ ಬಾಗಿಲು ಮುಚ್ಚಲಿ. ಇದಕ್ಕೆ ರಾಕೆಟ್ ವಿಜ್ಞಾನ ಬೇಡ, ಗುತ್ತಿಗೆ ನೌಕರನೂ ನೌಕರ ಎಂದು ಒಪ್ಪಿಕೊಳ್ಳುವ ಮನಸ್ಸು ಬೇಕು.

ಎರಡನೆಯದು, ನನ್ನ ದಾಖಲೆಯನ್ನು ಯಾರು ತೆರೆದರು ಎಂದು ನೋಡುವ ಹಕ್ಕು ನನಗೆ ಬೇಕು. ಎಸ್ಟೋನಿಯಾದಲ್ಲಿ ನಾಗರಿಕರು ತಮ್ಮ ಮಾಹಿತಿಯನ್ನು ಯಾವ ಇಲಾಖೆ ಯಾವಾಗ ನೋಡಿತು ಎಂದು ಪೋರ್ಟಲ್‌ನಲ್ಲೇ ತಿಳಿಯಬಹುದು. ನಮ್ಮ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರ ನಿಯಮಗಳು ಹೊರಬಂದಿದ್ದು 2025ರ ನವೆಂಬರಿನಲ್ಲಿ. ಪ್ರವೇಶ ನಿಯಂತ್ರಣ ಇರಬೇಕು, ಲಾಗ್‌ಗಳನ್ನು ಒಂದು ವರ್ಷ ಇಟ್ಟುಕೊಳ್ಳಬೇಕು ಎನ್ನುತ್ತವೆ ಅವು. ಇದನ್ನು ಪಾಲಿಸಲು 18 ತಿಂಗಳ ಕಾಲಾವಕಾಶವಿದೆ. ಭದ್ರತೆಯಲ್ಲಿ ತಪ್ಪಿದರೆ 250 ಕೋಟಿ ರೂಪಾಯಿವರೆಗೆ ದಂಡ. ಕೇಳಲು ಚೆನ್ನಾಗಿದೆ. ಆದರೆ ಅದೇ ಕಾಯ್ದೆ ಕೇಂದ್ರ ಸರ್ಕಾರಕ್ಕೆ ತಾನು ಬಯಸಿದ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನೂ ಕೊಟ್ಟಿದೆ. ಜೊತೆಗೆ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಅನ್ನು ತಿದ್ದಿ, ವೈಯಕ್ತಿಕ ಮಾಹಿತಿ ಎಂಬ ನೆಪದಲ್ಲಿ ಉತ್ತರ ನಿರಾಕರಿಸುವುದನ್ನು ಸಲೀಸು ಮಾಡಿದೆ. ಪ್ರಭುತ್ವ ನಮ್ಮನ್ನು ನೋಡುವ ಬಾಗಿಲು ಅಗಲವಾಗುತ್ತಿದೆ, ನಾವು ಪ್ರಭುತ್ವವನ್ನು ನೋಡುವ ಕಿಂಡಿ ಕಿರಿದಾಗುತ್ತಿದೆ.

ಆ ಕೆಲಸ ಬಿಟ್ಟು ಐದಾರು ತಿಂಗಳಾದ ಮೇಲೆ ಹಳೆಯ ಸಹೋದ್ಯೋಗಿಯಿಂದ ಫೋನ್ ಬಂತು. 'ಅಣ್ಣಾ, ಚೀಟಿ ಎಲ್ಲೋ ಬಿದ್ದೋಗಿದೆ, ಪಿನ್ ನೆನಪಿದ್ಯಾ?' ನೆನಪಿತ್ತು. ಈಗ ಹೇಳಬೇಕೋ ಬೇಡವೋ ಎಂದು ಒಂದು ಕ್ಷಣ ಯೋಚಿಸಿದೆ. ಹೇಳಿಬಿಟ್ಟೆ. ಹೊರಗೆ ಕ್ಯೂನಲ್ಲಿ ಪಿಂಚಣಿ ಅರ್ಜಿಯವರು ನಿಂತಿದ್ದರಂತೆ.